ಲಾಕರಿನಲ್ಲಿ ಇಷ್ಟಲಿಂಗ

ಕಾರಿನ ಕಾರ್ಖಾನೆಯಲ್ಲಿ ಮೊದಲ ದಿನ ನನಗೆ ಯಾರೂ ಕಾರು ತೋರಿಸಲಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿಸಿದರು. ಬಳೆ, ಬೆಂಡೋಲೆ, ಕಾಲ್ಗೆಜ್ಜೆ, ತಲೆಯ ಪಿನ್ನು. ಪ್ಯಾಂಟಿನ ಗುಂಡಿಗೂ ಬಟ್ಟೆಯ ಮುಚ್ಚಿಗೆ. ಬಣ್ಣ ಹೊಡೆದ ಬಾಗಿಲಿಗೆ ಕೂದಲೆಳೆಯಷ್ಟು ಗೀರು ಬಿದ್ದರೂ ಇಡೀ ಕಾರು ಹಿಂದಕ್ಕೆ ಹೋಗುತ್ತದಂತೆ. ಕಡೆಗೆ ಗೇಟಿನ ಹೆಂಗಸು ನನ್ನ ಕೊರಳಿನ ದಾರಕ್ಕೆ ಬೆರಳು ಹಾಕಿ, “ಗಳ್ಯಾತ ಕಾಯ ಆಹೇ?” ಅಂದಳು. ಕೊರಳಾಗ ಏನೈತಿ ಅಂತ.

ಏನೈತಿ ಅಂತ ಹೇಳಲಿ? ಕೂಸಿದ್ದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಅಂಗೈಯಲ್ಲಿ ಇರಬೇಕಾದದ್ದು. ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದ ದಿನ ನಮ್ಮ ಆಯಿ, ಅಪ್ಪನ ಅವ್ವ, ನನ್ನ ಗಲ್ಲ ಹಿಡಿದು ಹೇಳಿದ್ದಳು: “ಇದು ಮೈಯಿಂದ ಇಳೀತಂದ್ರ ಮತ್ತ ಕಟ್ಟಿಕೊಳ್ಳೂತನಕ ಹನಿ ನೀರು ಬಾಯಾಗ ಹಾಕಬಾರದು. ತಿಳೀತಿಲ್ಲೋ?” ಹಳಿಯಾಳ ತಾಲೂಕಿನ ತೇರಗಾಂವದ ನಮ್ಮ ಮನೆಯಲ್ಲಿ ಇದೇನು ದೊಡ್ಡ ಮಾತಾಗಿರಲಿಲ್ಲ. ಅದು ಇಳಿಯುವ ಪ್ರಸಂಗವೇ ಅಲ್ಲಿ ಬರುತ್ತಿರಲಿಲ್ಲ. ಇಲ್ಲಿ ಪುಣೆಯ ಹತ್ತಿರದ ಚಾಕಣದಲ್ಲಿ ಗೇಟು ದಾಟುವ ಮೊದಲೇ ಬಂದುಬಿಟ್ಟಿತ್ತು. ಬಟ್ಟೆ ಸುತ್ತಿ ತೋಳಿಗೆ ಕಟ್ಟಿಕೊಳ್ಳುತ್ತೇನೆ ಅಂದೆ. ಗಟ್ಟಿ ಇರುವುದು ಯಾವುದೂ ಮೈಮೇಲೆ ಇರಬಾರದು ಅಂದಳು. ಲಾಕರಿನೊಳಗೆ ಇಟ್ಟು ಬೀಗ ಹಾಕಿದೆ.

ನನ್ನ ಪಕ್ಕದಲ್ಲಿ ರೋಜಿ ತನ್ನ ಶಿಲುಬೆ ಬಿಚ್ಚಿ ಲಾಕರಿಗೆ ಒಗೆದಳು. ರೋಜಿ ನನ್ನ ಡಿಪ್ಲೊಮಾ ಕಾಲೇಜಿನವಳೇ, ಮುಂಡಗೋಡ ತಾಲೂಕಿನ ಅತ್ತಿವೇರಿ ಕಡೆಯ ಸಿದ್ದಿ ಹುಡುಗಿ. ತರಬೇತಿಗೆ ಇಬ್ಬರೂ ಕೂಡಿಯೇ ಬಂದವರು. “ನನ್ನ ದೇವ್ರು ಗ್ವಾಡಿ ಮ್ಯಾಲೂ ಇರ್ತಾನಲೇ, ಒಂದು ಮೊಳಿ ಸಾಕು. ನಿನ್ನ ದೇವ್ರಿಗೆ ಎದಿನ ಬೇಕು, ಭಾಳ ಲಾಡು ಮಾಡೀರಿ” ಅಂದಳು. ನಗು ಬರಲಿಲ್ಲ. ಅವಳಿಗೂ ಆ ದಿನ ಸುಖವೇನಿರಲಿಲ್ಲ. ಅವಳ ಗುಂಗುರು ಕೂದಲು ನೋಡಿ, ಆಫ್ರಿಕಾದವಳೆಂದು ತಿಳಿದು, ಗೇಟಿನಲ್ಲಿ ಪಾಸ್‌ಪೋರ್ಟ್ ಕೇಳಿದ್ದರು. ಇವಳು ಆಧಾರ್ ಕಾರ್ಡು ತೋರಿಸಿ, ಬೇಕಾದರೆ ನಮ್ಮ ಊರಿನ ಕೆರೆಯ ಹಕ್ಕಿಗಳನ್ನೂ ಕರೆಸುತ್ತೇನೆ, ಅವಕ್ಕೆ ನನ್ನ ಗುರುತಿದೆ ಅಂದಿದ್ದಳು.

ಚಾಕಣ ನನಗೆ ಪೂರ್ತಿ ಪರಕೀಯ ಊರಾಗಿದ್ದರೆ ಚೆನ್ನಾಗಿತ್ತು. ಅರ್ಧ ಗುರುತಿರುವ ಊರು ಹೆಚ್ಚು ಹೆದರಿಸುತ್ತದೆ. ಹಳಿಯಾಳದ ಸಂತೆಯಲ್ಲಿ ಕೇಳಿದ ಮರಾಠಿಯೇ ಇಲ್ಲಿಯೂ, ಆದರೆ ಯಾರ ದನಿಯೂ ಗೊತ್ತಿಲ್ಲ. ಪೋಹೆ ಎಂದರೆ ನಮ್ಮ ಒಗ್ಗರಣೆ ಅವಲಕ್ಕಿಯೇ, ಬಾಯಿಗಿಟ್ಟರೆ ಸಿಹಿ. ವರಣ ಎಂದರೆ ಬೇಳೆ, ಅದಕ್ಕೆ ಖಾರವೇ ಇಲ್ಲ. ನಮ್ಮ ಖೋಲಿಯ ಕಿಟಕಿ ತೆರೆದರೆ ಕಬ್ಬಿನ ಗದ್ದೆಯ ಬದಲು ಲಾರಿಗಳ ಸಾಲು. ರಸ್ತೆಯಲ್ಲಿ ಯಾರೋ ನಮ್ಮೂರಿನವರ ಹಾಗೆ ಕೆಮ್ಮಿದರೂ ಹೊರಳಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

ಕೆಲಸ ಹೀಗೆ: ಕಾರುಗಳ ಸಾಲು ನಿಲ್ಲುವುದಿಲ್ಲ, ನಿಧಾನಕ್ಕೆ ಸರಿಯುತ್ತಲೇ ಇರುತ್ತದೆ. ಅದಕ್ಕೆ ಇಲ್ಲಿ ಲೈನು ಅನ್ನುತ್ತಾರೆ. ನಾವು ಅದರ ಜೊತೆ ನಡೆಯುತ್ತ, ಬಗ್ಗಿ, ಬಾಗಿಲಿನ ಅಂಚಿಗೆ ರಬ್ಬರಿನ ಪಟ್ಟಿ ಒತ್ತಬೇಕು. ಎರಡೂ ಕೈ ಬೇಕು. ನಾನು ಬಗ್ಗಿದಾಗೆಲ್ಲ ಎಡಗೈ ಎದೆಗೆ ಹೋಗುತ್ತಿತ್ತು. ಕಸ ಗುಡಿಸುವಾಗ, ಕೊಡ ಎತ್ತುವಾಗ, ಭತ್ತದ ಸಸಿ ಹಚ್ಚುವಾಗ ಲಿಂಗ ಜೋಲದ ಹಾಗೆ ಹಿಡಿದು ರೂಢಿಯಾದ ಕೈ ಅದು. ಈಗ ಅಲ್ಲಿ ಏನೂ ಇಲ್ಲ, ಕೈಗೆ ಮಾತ್ರ ತಿಳಿಯುವುದಿಲ್ಲ. ಒಂಟಿ ಕೈಯಲ್ಲಿ ಒತ್ತಿದ ಪಟ್ಟಿ ಸಡಿಲಾಗಿ ಎದ್ದು ಬರುತ್ತಿತ್ತು. ನಮ್ಮ ಗುಂಪಿನ ಮೇಲ್ವಿಚಾರಕಿ ಮಂಗಲತಾಈ (ತಾಈ ಅಂದರೆ ಅಕ್ಕ) ನೋಡಿಯೇ ನೋಡಿದಳು. “ಛಾತೀತ ದುಖತಯ ಕಾ?” ಎದೆನೋವೇನು ಅಂತ ಕೇಳಿ ದವಾಖಾನೆಯ ಕೋಣೆಗೆ ಕಳಿಸಿದಳು. ಅಲ್ಲಿ ಎದೆಗೆ ತಂತಿ ಹಚ್ಚಿ ಪರೀಕ್ಷೆ ಮಾಡಿ, ಎಲ್ಲ ಸರಿ ಇದೆ ಅಂದರು. ಸರಿ ಇರಲಿಲ್ಲ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಆಯಿಯ ಮಾತು ಹಿಡಿದು ಪಾಳಿ ಮುಗಿಯುವತನಕ ನೀರು ಮುಟ್ಟುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ನನ್ನ ಊಟವನ್ನು ರೋಜಿಯ ತಟ್ಟೆಗೆ ಸುರಿದುಬಿಡುತ್ತಿದ್ದೆ. “ನಾ ಇಲ್ಲಿಂದ ಹೋಗೂದ್ರಾಗ ಎಮ್ಮಿ ಆಗ್ತೇನಿ ನೋಡ” ಅನ್ನುತ್ತ ಅವಳು ತಿನ್ನುತ್ತಿದ್ದಳು. ಒಂದು ದಿನ ಸೆಕೆ ಹೆಚ್ಚಿತ್ತು. ಕಣ್ಣು ಕತ್ತಲೆ ಬಂದು ಎರಡು ಕಾರುಗಳ ನಡುವೆ ಕುಕ್ಕರಿಸಿಬಿಟ್ಟೆ. ಲೈನು ನಿಂತಿತು. ಅದು ನಿಂತರೆ ಇಲ್ಲಿ ಒಂದು ರಾಗ ಮೊಳಗುತ್ತದೆ, ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ತಿರುಗಿ ನೋಡುತ್ತಾರೆ.

ಮಂಗಲತಾಈ ನೀರಿನ ಬಾಟಲಿ ತಂದು, “ಪಾಣೀ ಪಿ, ಪೋರೀ” ಅಂದಳು. ನೀರು ಕುಡಿ ಮಗಳೇ ಅಂತ. ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸುತ್ತಾರೆ, ತನ್ನ ಕೈಯಲ್ಲೂ ಏನೂ ಇರುವುದಿಲ್ಲ ಅಂತಲೂ ಹೇಳಿದಳು. ಮನೆಗೆ ಹೋಗುವುದು ನನಗೆ ಬೇಕಿರಲಿಲ್ಲ. ನಮ್ಮ ಮನೆತನದಲ್ಲಿ ಗದ್ದೆಯಾಚೆಯ ಕೆಲಸ ಹಿಡಿದ ಮೊದಲ ಹೆಣ್ಣು ನಾನು, ಅದು ನನಗೆ ಭಾಳ ಬೇಕಿತ್ತು. ಕುಡಿದೆ. ಬರಿಗೊರಳಿನಿಂದ ನೀರು ಇಳಿದದ್ದು ತಿಳಿಯಿತು. ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೇ ಅಳು ಬಂತು.

ಆಮೇಲೆ ದಿನಾ ಕುಡಿದೆ, ಉಂಡೆ. ಎರಡೂ ಕೈಯಿಂದ ಪಟ್ಟಿ ಒತ್ತುವುದೂ ಬಂತು, ತಾಈ ಬೆನ್ನು ತಟ್ಟಿದಳು. ಆದರೆ ಖೋಲಿಗೆ ಬಂದು ಮಿಂದು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸಿದರೆ, ಅದೂ ನನ್ನನ್ನು ದಿಟ್ಟಿಸುತ್ತಿತ್ತು. ಇಷ್ಟೊತ್ತು ಎಲ್ಲಿದ್ದಿ ಅಂತ ಕೇಳಿದ ಹಾಗೆ. ವಿಭೂತಿ ಹಚ್ಚುವ ಬೆರಳಿಗೂ ಲಾಕರಿನ ಕಬ್ಬಿಣದ ವಾಸನೆ. ಹೊದ್ದು ಮಲಗಿದರೆ ಎದೆಯ ಮೇಲಿನ ಭಾರ ನಿಜವೋ ನೆನಪೋ ಅಂತ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಪಂಚಮಿಗೆ ರಜೆ ಸಿಕ್ಕಿತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ನಾನು ಮದುವೆಯಾಗದೆಯೇ ಪರವೂರಿನಿಂದ ಬರುವವಳಾಗಿದ್ದೆ. ಪಾಳಿ ಮುಗಿದದ್ದೇ ರೋಜಿ ಕೈ ಹಿಡಿದು ಜಗ್ಗಿದಳು, ಬಸ್ಸು ಹೋಗುತ್ತದೆ ಅಂತ. ಓಡಿದೆವು, ಸೀಟಿನಲ್ಲಿ ಕೂತದ್ದೇ ನಿದ್ದೆ ಹತ್ತಿತು. ಧಾರವಾಡದಲ್ಲಿ ಅವಳು ಹುಬ್ಬಳ್ಳಿಯ ಬಸ್ಸು ಹತ್ತಿದಳು, ನಾನು ಹಳಿಯಾಳದ್ದು. ಮನೆ ಮುಟ್ಟಿದಾಗ ಆಯಿ ಬಾಗಿಲಲ್ಲೇ ತಂಬಿಗೆ ನೀರು ಹಿಡಿದು ನಿಂತಿದ್ದಳು. ತಗೊಳ್ಳಲು ಬಗ್ಗಿದೆ. ಎಡಗೈ ಎದೆಗೆ ಹೋಯಿತು. ಕೊರಳು ಬರಿದು. ಲಿಂಗ ಚಾಕಣದ ಲಾಕರಿನಲ್ಲೇ ಉಳಿದಿತ್ತು.

ಅಲ್ಲಿ ದಿನಾ ಕುಡಿದವಳಿಗೆ ಇಲ್ಲಿ ತಂಬಿಗೆ ತುಟಿಗೆ ಒಯ್ಯಲಾಗಲಿಲ್ಲ.

“ಯಾಕ, ನೀರಡಿಕಿ ಇಲ್ಲೇನ?” ಅಂದಳು ಆಯಿ. ಆಮೇಲೆ ನನ್ನ ಕೊರಳು ನೋಡಿದಳು.

ಎಲ್ಲ ಹೇಳಿಬಿಟ್ಟೆ, ಹೊಸ್ತಿಲಲ್ಲೇ ನಿಂತು. ಬೈಗುಳಕ್ಕೆ ಕಾಯುತ್ತಿದ್ದೆ. ಆಯಿ ನನ್ನ ಕೈಯಿಂದ ತಂಬಿಗೆ ತಿರುಗಿ ತಗೊಂಡು ಕೇಳಿದಳು: “ಅಲ್ಲಿ ನೀರು ಕುಡೀತಿಯೇನ?”

“ಕುಡೀತೇನಿ ಆಯಿ.”

“ಕುಡೀಬೇಕು. ಇಲ್ಲಾಂದ್ರ ಜೋಲಿ ಬಂದು ಯಂತ್ರಕ್ಕ ಕೈ ಕೊಟ್ಟೀ.” ಮತ್ತೆ, “ಎಷ್ಟಕ್ಕ ತಗೀತಿ, ಎಷ್ಟಕ್ಕ ಕಟ್ಕೋತಿ?” ಅಂದಳು.

ಆರಕ್ಕೆ ತೆಗೆಯುವುದು, ಎರಡೂವರೆಗೆ ಕಟ್ಟುವುದು ಅಂದೆ. ಯಾಕೆ ಕೇಳಿದಳೋ ತಿಳಿಯಲಿಲ್ಲ. ಅವ್ವ ಮಾಡಿದ ಉಂಡಿಯನ್ನು ಬಾಯಿಗೆ ಹಾಕದೆ ಗಂಟು ಕಟ್ಟಿಕೊಂಡು ಲಿಂಗ ಕಟ್ಟಿಕೊಳ್ಳಲು ಮುಂದಿನ ಬಸ್ಸಿಗೇ ಚಾಕಣಕ್ಕೆ ಹೊರಳಿ ಬಂದೆ.

ತಿಳಿದದ್ದು ಕೆಲವು ವಾರ ಕಳೆದ ಮೇಲೆ, ಅವ್ವ ಫೋನಿನಲ್ಲಿ ಅತ್ತಾಗ. “ನಿಮ್ಮ ಆಯಿ ಮುಂಜಾನಿ ಆರರಿಂದ ನೀರು ಮುಟ್ಟವಲ್ಲಳು. ನಿನ್ನ ಪಾಳಿ ಮುಗಿಯೂತನಕ ಹಿಂಗ. ಆಕೀ ಪಾಲಿನ ನೇಮ ನಾ ಹಿಡೀತೇನಿ ಅಂತಾಳ. ನೀನರ ಹೇಳ.” ಆ ದಿನ ಲೈನಿನ ಪಕ್ಕದ ನೀರಿನ ನಲ್ಲಿಗೆ ಬಾಟಲಿ ಹಿಡಿದಾಗ, ತೇರಗಾಂವದಲ್ಲಿ ಆಯಿಯ ಒಣಗಿದ ಬಾಯಿ ಕಂಡಿತು. ಇಂದಿಗೂ ಕಾಣುತ್ತದೆ, ಪ್ರತಿ ಗುಟುಕಿಗೂ.

ತರಬೇತಿ ಮುಗಿಯುವ ಹೊತ್ತಿಗೆ ಇನ್ನೊಂದು ವರ್ಷ ಇರುತ್ತೀಯಾ ಅಂತ ಕಾರ್ಖಾನೆಯವರು ಕೇಳಿದರು. ರೋಜಿ ಕೂಡಲೇ ಹೂಂ ಅಂದಳು. ನಾನು ಆಯಿಗೆ ಫೋನ್ ಮಾಡಿದೆ. “ನೀ ನೀರು ಕುಡೀತೇನಿ ಅಂದ್ರ ಇರ್ತೇನಿ. ಇಲ್ಲಾಂದ್ರ ಗಂಟು ಕಟ್ಕೊಂಡು ಬರ್ತೇನಿ.”

“ನನಗ ಹೆದರಸ್ತೀಯೇನ? ಇರು. ಕಾರು ಮಾಡೂದು ನೆಟ್ಟಗ ಕಲಿ. ಪಾಳಿ ಯಾವುದು ಅಂತ ಅಷ್ಟ ಹೇಳ.”

ಸುಳ್ಳು ಹೇಳಬಹುದಿತ್ತು. ಲಾಕರಿನ ಕಾಯ್ದೆ ಹೋಯಿತು, ಈಗ ಕೊರಳಲ್ಲೇ ಇರುತ್ತದೆ ಅನ್ನಬಹುದಿತ್ತು. ಬಾಯಿ ಬರಲಿಲ್ಲ. “ಸೋಮವಾರದಿಂದ ಎರಡನೇ ಪಾಳಿ. ಮೂರಕ್ಕ ಶುರು” ಅಂದೆ.

“ಛಲೋ ಆತು. ಮಧ್ಯಾಹ್ನದ ಊಟ ಆಗ್ತೈತಿ.”

ಸೋಮವಾರ ಲಾಕರಿನ ಬಾಗಿಲು ತೆರೆದು, ಕೊರಳಿನ ದಾರ ಬಿಚ್ಚದೆಯೇ ನಿಂತು, ಮತ್ತೆ ಫೋನ್ ಹಚ್ಚಿದೆ. ಹಿಂದೆ ಪಾಳಿಯವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. “ಉಂಡೇನ ಆಯಿ? ನೀರು ಕುಡಿದೇನ?” ಅಂದೆ.

“ಕುಡಿದ್ನಿ” ಅಂದಳು ಆಯಿ. “ತಗೀ ಇನ್ನ.”