ನನ್ನ ಸೂಜಿಗೆ ದಾರ ಪೋಣಿಸಿದವಳು

ಯಜಮಾನರು ಹೋದ ಮೇಲೆ ನಾನು ಮನೆಯಲ್ಲೇ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆ. ಕಾರ್ಖಾನೆಯವನು ಬೆಳಿಗ್ಗೆ ಗಂಟು ತಂದು ಹಾಕಿ ಸಂಜೆ ಒಯ್ಯುತ್ತಿದ್ದ. ಕಣ್ಣು ಮಂಜಾಗಿತ್ತು. ಕನ್ನಡಕ ಹಾಕಿದರೆ ಮುದುಕಿ ಅಂದುಬಿಡುತ್ತಾರೆ ಎಂಬ ಬಿಂಕ ಬೇರೆ. ಅದಕ್ಕೇ ಪಕ್ಕದ ಮನೆಯ ಇಸ್ತ್ರಿಯವಳ ಮಗಳನ್ನು ಕರೆದೆ. ಎಂಟು ವರ್ಷದ ಹುಡುಗಿ, ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದಳು. ಸೂಜಿಕಣ್ಣಿ ಎಂದು ಹೆಸರಿಟ್ಟವಳೂ ನಾನೇ.

ಮೊದಮೊದಲು ಹತ್ತು ಸೂಜಿ ಪೋಣಿಸಿಟ್ಟು ಶಾಲೆಗೆ ಓಡುತ್ತಿದ್ದಳು. ಕೆಲಸ ಜಾಸ್ತಿಯಾದಾಗ, ಇವತ್ತೊಂದು ದಿನ ಇರು ಪುಟ್ಟಿ ಎಂದೆ. ಆ ಒಂದು ದಿನ ಎರಡು ವರ್ಷವಾಯಿತು. ಅವಳೂ ಗುಂಡಿ ಹೊಲಿಯಲು ಕಲಿತಳು. ಮಗಳು ಬೀದಿ ಸುತ್ತುವುದಿಲ್ಲವಲ್ಲ ಎಂದು ಅವಳಮ್ಮನಿಗೂ ನೆಮ್ಮದಿ. ಮಧ್ಯಾಹ್ನ ಊಟ ಹಾಕುತ್ತಿದ್ದುದರಿಂದ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಒಂದು ದಿನ, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುತ್ತಾ ಹೊಸ ಟೀಚರಮ್ಮ ಬಾಗಿಲಿಗೆ ಬಂದರು. ಇವಳು ಮೊಮ್ಮಗಳು, ಬೇರೆ ಊರಲ್ಲಿ ಓದುತ್ತಾಳೆ, ರಜಕ್ಕೆ ಬಂದಿದ್ದಾಳೆ ಎಂದುಬಿಟ್ಟೆ.

“ಈಗ ಯಾವ ರಜ ಅಜ್ಜಿ?”

ಹುಡುಗಿ ಹೊಲಿಗೆಯಿಂದ ತಲೆ ಎತ್ತದೆ, “ನಮ್ಮ ಸ್ಕೂಲಿಗೆ ಬಣ್ಣ ಬಳೀತಿದ್ದಾರೆ ಮಿಸ್, ಅದಕ್ಕೇ ರಜ,” ಎಂದಳು.

ಟೀಚರಮ್ಮ ನಂಬಿ ಹೋದರು. ಸರಿಯಾಗಿ ಹೇಳಿದೆನಾ ಎಂದು ಅವಳು ಕೇಳಿದಾಗ ಭೇಷ್ ಎಂದೆ. ಆ ಭೇಷ್ ಇವತ್ತಿಗೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಅದೇ ತಿಂಗಳು ನಾನು ಹೊಲಿದ ಗುಂಡಿಗಳೆಲ್ಲ ಸೊಟ್ಟಗಿವೆಯೆಂದು ಕಾರ್ಖಾನೆಯವನು ಗಂಟು ವಾಪಸ್ ತಂದ. “ಕಣ್ಣಲ್ಲಿ ನೋಡಿ ಹೊಲೀತೀರೋ, ಮೂಗಲ್ಲಿ ಮೂಸಿ ಹೊಲೀತೀರೋ?” ಎಂದು ಹಂಗಿಸಿದ. ಬಿಂಕ ಬಿಟ್ಟು ಕನ್ನಡಕ ಮಾಡಿಸಿದೆ. ಹಾಕಿಕೊಂಡು ಬಂದು ಪಕ್ಕ ಕೂತಾಗ ಮೊದಲು ಕಂಡದ್ದು ಅವಳ ಬೆರಳುಗಳು. ತುದಿಯ ತುಂಬ ಸೂಜಿ ಚುಚ್ಚಿದ ಕಪ್ಪು ಚುಕ್ಕೆ. ಒಂದು ಉಗುರಿನ ಸಂದಿ ಬಾತುಕೊಂಡಿತ್ತು. ಯಾಕೆ ಹೇಳಲಿಲ್ಲವೇ ಎಂದೆ.

“ನಿಮಗೆ ಕಾಣ್ತಾ ಇರ್ಲಿಲ್ವಲ್ಲ ಅಜ್ಜಿ,” ಎಂದಳು.

ಮರುದಿನ ಅವಳ ಕೈ ಹಿಡಿದು ಶಾಲೆಗೆ ನಡೆದೆ. “ಸುಳ್ಳು ಹೇಳಿದ್ದು ನಾನು ತಾಯಿ, ಮಗೂನ ಬೈಬೇಡಿ,” ಎಂದೆ. ಟೀಚರಮ್ಮ ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಹಿಂದೆ ಬಿಟ್ಟ ತರಗತಿಗೇ ಅವಳನ್ನು ಸೇರಿಸಿಕೊಂಡರು. ಸಂಜೆ ಅಮ್ಮ ಬರುವವರೆಗೆ ಹುಡುಗಿ ನನ್ನಲ್ಲೇ ಓದಿಕೊಂಡಿರಲಿ, ಸೂಜಿ ಮುಟ್ಟಿಸುವುದಿಲ್ಲ ಎಂದು ಅವಳಮ್ಮನಿಗೆ ಮಾತು ಕೊಟ್ಟೆ.

ಮೊನ್ನೆ ತರಗತಿಯ ಫೋಟೊ ತಂದು ತೋರಿಸಿದಳು. ಪುಟಾಣಿ ಮಕ್ಕಳ ಹಿಂದೆ ಇವಳೊಬ್ಬಳೇ ಉದ್ದಕ್ಕೆ ನಿಂತಿದ್ದಾಳೆ. ಎಷ್ಟು ಬೆಳೆದುಬಿಟ್ಟಳು ಎಂದು ಅವಳಮ್ಮ ಹಿಗ್ಗಿದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಉಳಿದ ಮಕ್ಕಳಿಗಿಂತ ಅವಳು ಒಂದು ಗೇಣು ಎತ್ತರ. ಆ ಗೇಣು ನನ್ನ ಮನೆಯಲ್ಲಿ ಗುಂಡಿ ಹೊಲಿಯುತ್ತಾ ಬೆಳೆದದ್ದು.