ಅವ್ವ ಹೇಳದ ಹೆಸರು

ಆಗೆಲ್ಲ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಿಂತು 'ಬಸವರಾಜಾ' ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತಿದ್ದವು. ಮೂರನೆಯ ಇಯತ್ತೆಯಲ್ಲೇ ನಾವು ಐವರು ಬಸವರಾಜರು. ಕಿರಾಣಿ ಬಸ್ಯಾ, ಮಂಠಾಳ ಬಸ್ಯಾ, ಎಮ್ಮಿ ಬಸ್ಯಾ, ಬರೀ ಬಸ್ಯಾ. ಮುಂದಿನ ಹಲ್ಲು ಬಿದ್ದಿದ್ದ ನಾನು ಬೊಚ್ಚ ಬಸ್ಯಾ. ಗೋಲಿಯಾಟದಲ್ಲಿ 'ಬಸ್ಯಾ ಮೋಸ ಮಾಡಿದ' ಎಂದು ಯಾರಾದರೂ ಚಾಡಿ ಹೇಳಿದರೆ ಮಾಸ್ತರರ ಏಟು ಐವರಿಗೂ ಬೀಳುತ್ತಿತ್ತು.

ಬಸವರಾಜ ಎಂದಾಗಲಿ ಬಸ್ಯಾ ಎಂದಾಗಲಿ ನನ್ನನ್ನು ಕರೆಯದವಳು ಅವ್ವ ಒಬ್ಬಳೇ. ಅದು ಅಜ್ಜನ ಹೆಸರು. ಸೊಸೆಯಾದವಳು ಮಾವನ ಹೆಸರು ಬಾಯಿಗೆ ತರಬಾರದು. ಅವಳಿಗೆ ನಾನು 'ಅಪ್ಪು'. ಎಮ್ಮಿ ಬಸ್ಯಾನ ಅವ್ವ ಓಣಿಗೆಲ್ಲ ಕೇಳುವಂತೆ ಮಗನ ಹೆಸರು ಕೂಗುವಾಗ ನನಗೆ ಹೊಟ್ಟೆಯುರಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವ್ವನ ತವರು ಹಳ್ಳಿಖೇಡಕ್ಕೆ ಹೊರಟಿದ್ದೆವು. ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕು. ಕಬ್ಬಿನ ಗಾಣದ ಗೆಜ್ಜೆ ಸದ್ದು ಕೇಳಿ, ಹಸಿ ಶುಂಠಿಯ ವಾಸನೆ ಬಂದದ್ದೇ ತಡ, ನಾನು ಅವಳ ಸೆರಗು ಬಿಟ್ಟು ಆ ಕಡೆ ನಡೆದೆ.

ಅವ್ವ ಗಾಬರಿಬಿದ್ದು ಬಸ್‌ ಸ್ಟ್ಯಾಂಡಿನ ಕಂಟ್ರೋಲರರ ಕೋಣೆಗೆ ಓಡಿದಳು. ಮುಂದಿನದನ್ನು ಅವಳೇ ಎಷ್ಟೋ ಸಲ ನಗುತ್ತ ಹೇಳುತ್ತಿದ್ದಳು. ಮೊದಲು ಅವರು ಮೈಕಿನಲ್ಲಿ 'ಅಪ್ಪು' ಎಂದು ಕೂಗಿದರಂತೆ. ನನಗೂ ಕೇಳಿಸಿತ್ತು. ಯಾರೋ ಗಂಡಸು ಯಾವುದೋ ಅಪ್ಪುವನ್ನು ಕರೆಯುತ್ತಿದ್ದಾನೆ ಅಂದುಕೊಂಡೆ.

"ಹುಡುಗನ ಖರೇ ಹೆಸರ ಏನ್ರಿ, ಅಕ್ಕಾರ?"

"ನಮ್ಮ ಮಾವನವರ ಹೆಸರ್ರಿ."

"ಅವರ ಹೆಸರ ಏನು?"

"ಅದನ್ನ ನಾ ಹ್ಯಾಂಗ ಹೇಳ್ಲಿರಿ?"

"ಮತ್ತ ನಾ ಏನಂತ ಕೂಗ್ಲಿ? ಮಾವನವರೇ ಬರ್ರಿ ಅಂತೇನು?"

ಹೊರಗೆ ಒಂದೊಂದೇ ಬಸ್ಸು ಹೊರಡುತ್ತಿತ್ತು. ಯಾವುದರಲ್ಲಿ ಮಗ ಹತ್ತಿ ಹೋಗಿದ್ದಾನೋ! ಅವ್ವ ಮೈಕು ಕಸಿದುಕೊಂಡಳು.

"ಬಸವರಾಜಾ! ಎಲ್ಲಿದ್ದಿಯೋ ನನ್ನಪ್ಪಾ!"

ನಾನು ಕಬ್ಬಿನ ಹಾಲಿನ ಗ್ಲಾಸು ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಅವ್ವನ ಮುಂದೆ ಆಗಲೇ ಮೂವರು ಬಸವರಾಜರು ನಿಂತಿದ್ದರು: ಪಟಗಾ ಸುತ್ತಿದ ಮುದುಕ, ಕಂಡಕ್ಟರು, ಬಾಳೆಹಣ್ಣು ಮಾರುವವ. ಅಳುತ್ತಿದ್ದ ಅವ್ವ ನನ್ನನ್ನು ಬಾಚಿ ತಬ್ಬಿದಳು. "ಇವನೂ ನಮ್ಮಾಂವನೇ" ಎಂದು ಬಾಳೆಹಣ್ಣಿನವ ಎರಡು ಹಣ್ಣು ಕೊಟ್ಟ. ನನ್ನ ಖುಷಿ ಹಣ್ಣಿಗಲ್ಲ. ಅವ್ವ ನನ್ನ ಹೆಸರು ಕೂಗಿದ್ದಳು, ಅದೂ ಇಡೀ ಹುಮನಾಬಾದಿಗೆ ಕೇಳುವಂತೆ!

ಊರಿಗೆ ಮರಳಿ ಅವ್ವ ಅಜ್ಜನ ಮುಂದೆ ತಲೆ ತಗ್ಗಿಸಿದಳು. "ತಪ್ಪಾತ್ರಿ. ನಿಮ್ಮ ಹೆಸರ ಕೂಗಿದೆ."

ಅಜ್ಜ ನಕ್ಕ. "ಕೂಸು ಸಿಕ್ತಲ್ಲ, ತಂಗಿ. ಇಷ್ಟ ವರ್ಷಕ್ಕ ನನ್ನ ಹೆಸರ ಒಂದ ಚಲೋ ಕೆಲಸಕ್ಕ ಬಂತು."

ಅವ್ವ ಮತ್ತೆಂದೂ ಆ ಹೆಸರು ಹೇಳಲಿಲ್ಲ, ಅಜ್ಜ ಹೋದ ಮೇಲೂ. ಈಗ ಓಣಿಯಲ್ಲಿ 'ಬಸವರಾಜಾ' ಎಂದರೆ ತೆರೆಯುವುದು ನನ್ನ ಬಾಗಿಲೊಂದೇ. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಎಲ್ಲೆಲ್ಲೂ ನನ್ನನ್ನು ಪೂರ್ತಿ ಹೆಸರು ಹಿಡಿದೇ ಕರೆಯುತ್ತಾರೆ. 'ಅಪ್ಪು' ಎನ್ನುವವರು ಯಾರೂ ಉಳಿದಿಲ್ಲ.