ಅಕ್ಕನ ಎಡಪಕ್ಕೆ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗಲೂ ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬೋರ್ಡಿಗೆ ಓಡಾಡುತ್ತಲೇ ಇರುತ್ತೇನೆ. ಈಗೀಗ ನರವ್ಯೂಹದ ಪಾಠ ಬಂದರೆ ಓಡಾಟ ಇನ್ನೂ ಜಾಸ್ತಿ. ಬೆರಳಿಗೆ ಮುಳ್ಳು ಚುಚ್ಚಿತು, ಸುದ್ದಿ ಬೆನ್ನುಹುರಿಗೆ ಹೋಯಿತು, ಅಲ್ಲಿಂದ ಮಿದುಳಿಗೆ ಹೋಯಿತು ಎಂದು ವರ್ಷವರ್ಷವೂ ನೇರ ಬಾಣ ಎಳೆದವಳು ನಾನು. ಮುಳ್ಳಿಲ್ಲದಿದ್ದರೆ ನೋವಿಲ್ಲ ಅಂದುಕೊಂಡಿದ್ದೆ. ಆ ಬಾಣವನ್ನು ನಂಬಿ ಒಡಹುಟ್ಟಿದ ಅಕ್ಕನನ್ನೇ ಸುಳ್ಳಿ ಎಂದುಬಿಟ್ಟೆ.

ಅಕ್ಕ ಇರುವುದು ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ. ಶುಂಠಿ, ಹೊಗೆಸೊಪ್ಪು, ಎರಡು ಹಸು, ಭಾವ. ಮೂರು ವರ್ಷದ ಹಿಂದೆ ಅವಳ ಎಡಪಕ್ಕೆಗೆ ಸರ್ಪಸುತ್ತು ಎದ್ದಿತು. ಊರಿನ ಹಿರಿಯರೊಬ್ಬರು ಕೆಮ್ಮಣ್ಣು ಕಲಸಿ, ಹಾವಿನ ತಲೆ ಬಾಲ ಕೂಡದಿರಲಿ ಎಂದು ಗುಳ್ಳೆಗಳ ಎರಡೂ ತುದಿಗೆ ಗೆರೆ ಎಳೆದರು. ಗುಳ್ಳೆ ಒಣಗಿದ ಮೇಲೆ ಬೇವಿನ ನೀರು ಹುಯ್ಯಿಸಿ, “ಇನ್ನು ನೋವು ಅನ್ನೋ ಮಾತು ಬಾಯಲ್ಲಿ ಬರ್ಬಾರ್ದು ಕಣವ್ವ, ಬಂದ್ರೆ ತಿರ್ಗಾ ಸುತ್ಕತದೆ” ಎಂದರು. ಅಕ್ಕ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ “ಓಯ್ತು ಕಣೇ” ಅನ್ನುತ್ತಿದ್ದಳು. ನಾನೂ ಹೋಯಿತು ಅಂದುಕೊಂಡೆ.

ಮರುವರ್ಷ ಚನ್ನರಾಯಪಟ್ಟಣದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಅಮ್ಮ ಇಲ್ಲದ್ದರಿಂದ ಅಕ್ಕನೇ ಹಾಲು ಉಕ್ಕಿಸಬೇಕು. ಬಂದಳು, ರವಿಕೆಯಿಲ್ಲದೆ, ಸೀರೆಯೊಳಗೆ ಭಾವನ ದೊಗಳೆ ಹಳೇ ಅಂಗಿ ತೊಟ್ಟು! ನೆಂಟರೆಲ್ಲ ನೋಡುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಅವಳೇ ನನ್ನನ್ನು ರೂಮಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

“ರವಿಕೆ ತಾಕುದ್ರೆ ಬೆಂಕಿ ಇಕ್ದಂಗಾಯ್ತದೆ ಕಣೇ. ಯಾರ್ಗೂ ಯೋಳಿಲ್ಲ. ನಿನ್ಗೇ ಮೊದ್ಲು ಯೋಳ್ತಿರಾದು.”

ಅಂಗಿ ಎತ್ತಿ ಪಕ್ಕೆ ತೋರಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ಇಲ್ಲಿ ಹುಣ್ಣೇ ಇರಲಿಲ್ಲ. ಮಾಸಿದ ಕಲೆ ಬಿಟ್ಟರೆ ಚರ್ಮ ನೆಟ್ಟಗಿತ್ತು.

“ಗಾಯ ಮಾಯ್ದು ಎಷ್ಟೋ ದಿನ ಆಯ್ತಕ್ಕ. ಎಲ್ಲ ನಿನ್ ಮನಸ್ಸಲ್ಲಿರೋದು. ಇವತ್ತೊಂದಿನ ನನ್ ಮರ್ಯಾದೆ ಉಳ್ಸು” ಎಂದೆ. ರೇಷ್ಮೆ ರವಿಕೆ ತೊಡಿಸಿ ಹುಕ್ಕುಗಳನ್ನು ನಾನೇ ಹಾಕಿದೆ. ಅವಳು ತುಟಿ ಕಚ್ಚಿಕೊಂಡು ಹಾಲು ಉಕ್ಕಿಸಿದಳು, ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದಳು. ಮೂರು ತಿಂಗಳು ನಾನು ಮುನಿಸಿಕೊಂಡಿದ್ದೆ. ನಾನು!

ಕೊನೆಗೆ ಭಾವ ಫೋನು ಮಾಡಿದರು. “ಉಣ್ಣಕಿಲ್ಲ, ಬದ್ಕೇ ಬ್ಯಾಡ ಅಂತಾವ್ಳೆ. ನೀನೇ ಆಸನಕ್ಕೆ ಕರ್ಕಂಡೋಗವ್ವ.”

ಹಾಸನದ ಡಾಕ್ಟರು ಒಂದೆಳೆ ಹತ್ತಿ ತೆಗೆದುಕೊಂಡು ಅವಳ ಬಲಪಕ್ಕೆಗೆ ಸವರಿದರು. ಅಕ್ಕ ಸುಮ್ಮನಿದ್ದಳು. ಎಡಪಕ್ಕೆಗೆ ಸೋಕಿಸಿದ್ದೇ ತಡ, ಕಿರುಚಿ ಮಂಚದಿಂದ ಇಳಿದೇಬಿಟ್ಟಳು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ.

ನಾನು ಟೀಚರೆಂದು ತಿಳಿದು ಡಾಕ್ಟರು ಬಿಡಿಸಿ ಹೇಳಿದರು. ನರದ ತುದಿಯಿಂದ ಬರುವ ರಾಸಾಯನಿಕವನ್ನು ಹಿಡಿಯಲು ಬೆನ್ನುಹುರಿಯ ಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಅವುಗಳಲ್ಲಿ ಒಂದು ಜಾತಿಯ ಬಾಯಿಗೆ ಮೆಗ್ನೀಸಿಯಂ ಬಿರಡೆಯ ಹಾಗೆ ಕೂತಿರುತ್ತದೆ. ನೋವು ಬಿಡದೆ ಬಡಿದರೆ ಬಿರಡೆ ಕಳಚುತ್ತದೆ, ಕೋಶ ಇನ್ನಷ್ಟು ಗ್ರಾಹಕಗಳನ್ನು ಮೇಲೆ ತಂದು ನಿಲ್ಲಿಸುತ್ತದೆ. ಆಮೇಲೆ ಬಟ್ಟೆ ಸೋಕಿದ ಸುದ್ದಿಯೂ ಮಿದುಳಿಗೆ ಉರಿಯಾಗಿಯೇ ಮುಟ್ಟುತ್ತದೆ. ಚರ್ಮ ಮಾಯ್ದರೂ ಹಾನಿಯಾದ ನರ ಸುಮ್ಮನಾಗುವುದಿಲ್ಲ. ಬೇಗ ಬಂದಿದ್ದರೆ ಇಷ್ಟು ಬಲಿಯದೆ ಇರಬಹುದಿತ್ತು ಎಂದರು.

“ಮನೇಲಿ ಎಲ್ಲ ನಾಟಕ ಅಂದಿರ್ತಾರೆ, ಅಲ್ವಾಮ್ಮ?” ಎಂದು ಅಕ್ಕನನ್ನು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ. ಅಕ್ಕ ನೆಲ ನೋಡುತ್ತ, “ಯಾರೂ ಅಂದಿಲ್ಲ ಸಾ” ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. ಅತ್ತಿಂದಿತ್ತ ತಿರುಗಾಡುತ್ತ, “ನಿನ್ ನೋವು ನಿಜವಾದ್ದೇ ಕಣಕ್ಕ, ಬೆನ್ನುಹುರಿಲಿ ಏನಾಗುತ್ತೆ ಅಂದ್ರೆ” ಎಂದು ಗ್ರಾಹಕ, ಬಿರಡೆ ಎಲ್ಲ ಒದರತೊಡಗಿದೆ. ಕ್ಷಮಿಸು ಎನ್ನುವ ಒಂದು ಮಾತು ಮಾತ್ರ ಬರಲಿಲ್ಲ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. “ಡಾಕ್ಟ್ರು ಯೋಳುದ್ ಮ್ಯಾಲೆ ನಿಜ ಆಯ್ತಾ?” ಎಂದಳು. ಅರಕಲಗೂಡಿನ ಬಸ್ಸು ಬಂತು, ಹತ್ತಿ ಹೋದಳು.

ಮಾತ್ರೆಯಿಂದ ಉರಿ ತಗ್ಗಿದೆಯಂತೆ, ಪೂರ್ತಿ ಹೋಗಿಲ್ಲವಂತೆ. ಕೆಲವು ದಿನ ರವಿಕೆ ತೊಡುತ್ತಾಳಂತೆ, ಕೆಲವು ದಿನ ಆಗುವುದಿಲ್ಲವಂತೆ. ಇದೆಲ್ಲ ನನಗೆ ಭಾವ ಹೇಳಿ ಗೊತ್ತು. ದಿನಾ ಸಂಜೆ ಅಂಗಳದಲ್ಲಿ ಓಡಾಡುತ್ತ ಅಕ್ಕನಿಗೆ ಫೋನು ಮಾಡುತ್ತೇನೆ, ನೋವು ಹೇಗಿದೆ ಎಂದು ಕೇಳುತ್ತೇನೆ. ಡಾಕ್ಟರ ಹತ್ತಿರ ಎಲ್ಲ ಹೇಳಿಕೊಳ್ಳುವ ಅಕ್ಕ ನನ್ನ ಹತ್ತಿರ ಮಾತ್ರ “ಚೆನ್ನಾಗಿವ್ನಿ ಕಣೇ” ಅನ್ನುತ್ತಾಳೆ.